ಫಾರಿನ್‌ನಲ್ಲಿ ಕೂತು ನಮ್ಮ ಕನ್ನಡ ಟಿವಿ ನೋಡೋದು ಹೇಗೆ

ನಾವು ತುಮಕೂರಿನವರು, ಈಗ ಜರ್ಮನಿಯಲ್ಲಿದೀವಿ. ಅತ್ತೆ ಮೂರು ತಿಂಗಳಿಗೆ ಅಂತ ಬಂದಾಗ ಮೊದಲು ಕೇಳಿದ್ದೇ ಸೀರಿಯಲ್ ಬರುತ್ತಾ ಅಂತ.

ಊರಿಂದ ಸೆಟ್‌ಟಾಪ್ ಬಾಕ್ಸ್ ಹೊತ್ಕೊಂಡು ಬರ್ಬೇಡಿ, ಅದರ ಸಿಗ್ನಲ್ ಇಲ್ಲಿ ಸಿಗಲ್ಲ. ಮೊದಲು ದುಡ್ಡಿಲ್ದೆ ಸಿಗೋದನ್ನ ನೋಡಿ, ಡಿಡಿ ಚಂದನ, ಕನ್ನಡ ನ್ಯೂಸ್ ಚಾನೆಲ್‌ಗಳೆಲ್ಲ ಯೂಟ್ಯೂಬಲ್ಲೇ ಇವೆ. ಸೀರಿಯಲ್ಲಿಗೆ ಯಪ್‌ಟಿವಿ ತರದ, ದುಡ್ಡು ಕಟ್ಟಿ ಇಂಟರ್ನೆಟ್‌ನಲ್ಲಿ ಚಾನೆಲ್ ನೋಡೋ ಆ್ಯಪ್ ಬೇಕು. ಪ್ರಸಾರದ ಹಕ್ಕು ದೇಶ ದೇಶಕ್ಕೆ ಬೇರೆ ಇರುತ್ತೆ, ಅದಕ್ಕೇ ಊರಲ್ಲಿ ರೀಚಾರ್ಜ್ ಮಾಡಿಸಿದ ಎಷ್ಟೋ ಆ್ಯಪ್ ಇಲ್ಲಿ ಓಡೋದೇ ಇಲ್ಲ, ಹಾಗಾಗಿ ನಿಮಗೆ ಬೇಕಾದ ಚಾನೆಲ್ ಲಿಸ್ಟಲ್ಲಿದೆಯಾ ನೋಡಿ, ಮೊದಲು ಒಂದು ತಿಂಗಳದ್ದು ಮಾತ್ರ ಕಟ್ಟಿ. ನಾವು ವರ್ಷದ್ದು ಒಟ್ಟಿಗೆ ಕಟ್ಟಿ ಬೇಜಾರು ಮಾಡ್ಕೊಂಡ್ವಿ.

ಸ್ಮಾರ್ಟ್ ಟಿವಿ ಇಲ್ದಿದ್ರೆ ಲ್ಯಾಪ್‌ಟಾಪಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಸಾಕು. ವಿಡಿಯೋ ಲೋಡ್ ಆಗ್ದೆ ಸುತ್ತು ಹೊಡೀತಾ ನಿಂತ್ರೆ ರೂಟರ್ ಟಿವಿ ಹತ್ರ ತನ್ನಿ.

ಟೈಮ್ ಮುಖ್ಯ. ಊರಿನ ಸಂಜೆ 7 ಗಂಟೆ ಅಂದ್ರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 3:30, ಚಳಿಗಾಲದಲ್ಲಿ 2:30, ಮಾರ್ಚ್ ಮತ್ತೆ ಅಕ್ಟೋಬರ್ ಕೊನೆ ಭಾನುವಾರ ಬದಲಾಗುತ್ತೆ. ಮಕ್ಕಳು ಸ್ಕೂಲಿಂದ ಬರೋ ಹೊತ್ತು ಅದೇ, ಅಜ್ಜಿ ಪಕ್ಕ ಕೂತು ನೋಡ್ತಾ ನೋಡ್ತಾ ಕನ್ನಡ ಚೆನ್ನಾಗಿ ಕಲಿತ್ರು. ಶಿವರಾತ್ರಿ ಸಮಯದಲ್ಲಿ ಸಿದ್ಧಗಂಗೆ ಜಾತ್ರೆ ಲೈವ್ ಬಂದ್ರೆ ತಪ್ಪಿಸ್ಬೇಡಿ, ಅಲಾರಾಂ ಇಟ್ಕೊಳ್ಳಿ.