ಖಳನಿಗೆ ದುಃಖದ ಬಾಲ್ಯ ಕೊಡದೆ ಓದುಗರನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಖಳನಿಗೊಂದು ಕಣ್ಣೀರಿನ ಬಾಲ್ಯ ಕೊಡದಿದ್ದರೆ ಡಾರ್ಕ್ ರೊಮ್ಯಾನ್ಸ್, ಅಂದರೆ ಕ್ರೌರ್ಯದ ನಡುವೆ ಖಳನೇ ನಾಯಕಿಯ ಪ್ರೇಮಿಯಾಗುವ ಕಥೆ, ಓಡುವುದಿಲ್ಲ ಎಂದವರೇ ಹೆಚ್ಚು. ಕೊನೆಗೆ ಓಡಿದ್ದು ನನ್ನ ಕಾದಂಬರಿಯ, ಬಾಲ್ಯದ ಒಂದು ಸಾಲೂ ಇಲ್ಲದ ನಾಲ್ಕನೇ ಡ್ರಾಫ್ಟ್. ಸುಮಾರು 90 ಸಾವಿರ ಪದ, ನಲವತ್ತು ಚಿಲ್ಲರೆ ಅಧ್ಯಾಯ, ಮೂರರಲ್ಲೊಂದು ಪಾಲು ಖಳನ ಬಾಯಲ್ಲೇ.

ಮೊದಲ ಡ್ರಾಫ್ಟ್ ಬಿದ್ದದ್ದು 3ನೇ ಅಧ್ಯಾಯದ ಫ್ಲ್ಯಾಶ್‌ಬ್ಯಾಕಿನಲ್ಲಿ. ಬೀಟಾ ಓದುಗರು, ಅಂದರೆ ಅಚ್ಚಿಗೆ ಮುನ್ನ ಓದಿ ಅಭಿಪ್ರಾಯ ಹೇಳುವವರು, 14 ಮಂದಿ. ಎಂಟೋ ಒಂಬತ್ತೋ ಜನ ಅಂಚಿನಲ್ಲಿ ಬರೆದದ್ದರ ಸಾರ ಒಂದೇ: ‘ಸಬೂಬು ಶುರುವಾಯ್ತು.’ ಅವನಿನ್ನೂ ಏನೂ ಮಾಡಿರಲಿಲ್ಲ, ಆಗಲೇ ವಕಾಲತ್ತು! ಎರಡನೆಯದರಲ್ಲಿ ಅವನು ಕಾವಲುಗಾರನ ಮುದಿ ನಾಯಿಯನ್ನು ಕೊಲ್ಲುತ್ತಿದ್ದ. ಅಷ್ಟರೊಳಗೆ ಮೂರು ಹೆಣ ಬಿದ್ದಿದ್ದವು, ಯಾರದೂ ತಕರಾರಿಲ್ಲ. ನಾಯಿ ಸತ್ತ ಪುಟಕ್ಕೆ ಆರು ಜನ ಪುಸ್ತಕ ಕೆಳಗಿಟ್ಟರು. ಓದುಗರು ಎಣಿಸುವುದು ಹೆಣಗಳನ್ನಲ್ಲ, ಪೆಟ್ಟು ತಿಂದವರಿಗೆ ತಿರುಗಿ ಹೊಡೆಯುವ ತಾಕತ್ತು ಇತ್ತೇ ಎಂಬುದನ್ನು. ಮೂರನೆಯದರಲ್ಲಿ ಅರ್ಧಕ್ಕೇ ಅವನನ್ನು ಮೆತ್ತಗೆ ಮಾಡಿದೆ. ಯಾರೂ ಬೈಯಲಿಲ್ಲ, ಅಂಚುಗಳೆಲ್ಲ ಖಾಲಿ. ಅದಕ್ಕಿಂತ ಬೈಗುಳವೇ ವಾಸಿ.

ನಾಲ್ಕನೆಯದರಲ್ಲಿ ಅವನಿಗೆ ಒಂದೇ ಕಟ್ಟುಪಾಡು: ನಾಯಕಿಗೆ ಸುಳ್ಳು ಹೇಳುವುದಿಲ್ಲ. ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಸಲಿಲ್ಲ. ಸುಳ್ಳಿನಿಂದ ಲಾಭವಾಗುವ ಮೂರು ಕಡೆ, 5, 12 ಮತ್ತು 19ನೇ ಅಧ್ಯಾಯಗಳಲ್ಲಿ, ನಿಜವನ್ನೇ ಆಡಿಸಿದೆ. 19ರಲ್ಲಿ ಆ ನಿಜದಿಂದ ಪೆಟ್ಟು ಬೀಳುವುದು ಅವನಿಗೇ. ಕಟ್ಟುಪಾಡಿಗೆ ಅವನು ದಂಡ ತೆರದಿದ್ದರೆ ಅದು ಬರೀ ಶೋಕಿ.

ಕ್ರೌರ್ಯದ ದೃಶ್ಯ ಅವಳ ಕಣ್ಣಿನಿಂದಲೇ ಬರಬೇಕು. ಅವನ ತಲೆಯೊಳಗಿಂದ ಬರೆದಾಗ ಓದುಗರಿಗೆ ತಾವೂ ಆ ಪಾಪದಲ್ಲಿ ಪಾಲುದಾರರು ಅನ್ನಿಸಿ ಹಿಮ್ಮೆಟ್ಟಿದರು. ಅದರ ಬೆನ್ನಿಗೇ ಅವನ ಅಧ್ಯಾಯ, 800 ಪದ ಮೀರದಂತೆ. ಪಶ್ಚಾತ್ತಾಪ ಬೇಡ, ಅವಳ ಬಗ್ಗೆ ಅವನೊಬ್ಬನೇ ಗಮನಿಸಿದ ಒಂದು ಸಣ್ಣ ವಿವರ ಸಾಕು. ಆ ಅಧ್ಯಾಯಗಳ ಕೊನೇ ಸಾಲನ್ನು ಕಟ್ಟುವ ಬಗೆ ನನ್ನ ಹತ್ತಿರವೇ ಇರಲಿ.

ಓದುಗರಿಗೆ ಕೊಟ್ಟ ಗುರುತು ಎರಡೇ: ಸಿಟ್ಟು ಬಂದರೆ ಗುಣಾಕಾರದ ಚಿಹ್ನೆ (×), ಸೆಳೆತ ಅನ್ನಿಸಿದರೆ ಸೊನ್ನೆ. ಒಂದೇ ಪುಟದಲ್ಲಿ ಎರಡೂ ಬಿದ್ದರೆ ಆ ಪುಟ ಗೆದ್ದಂತೆ. ‘ಇವನನ್ನು ಸಾಯಿಸಬೇಕು’ ಅನ್ನುವುದು ಒಳ್ಳೆಯ ಲಕ್ಷಣ. ‘ಇವಳಿಗೆ ಬುದ್ಧಿ ಇಲ್ಲ’ ಎಂದು ಬಂದರೆ ತಪ್ಪು ಖಳನದ್ದಲ್ಲ: ನಾಯಕಿಯ ಕೈಯಲ್ಲಿ ಹಿಡಿತ ಇಲ್ಲ. 8ನೇ ಅಧ್ಯಾಯದೊಳಗೆ ಅವನಿಗೆ ಬೇಕಾದ ಲೆಕ್ಕದ ಪುಸ್ತಕ ಅವಳಿಗೆ ಸಿಗುವಂತೆ ಮಾಡಿದ ಮೇಲೆ ಆ ದೂರು ಹೆಚ್ಚುಕಡಿಮೆ ನಿಂತಿತು.

ಹಾಗೆಂದು ಅವನನ್ನು ಬೈದು ಓದುಗರನ್ನು ತಿದ್ದಲು ಹೋಗಬೇಡಿ. ಹದಿನೆಂಟನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ತನ್ನ ‘ಕ್ಲಾರಿಸ್ಸಾ’ ಕಾದಂಬರಿಯ ಖಳ ಲವ್ಲೇಸ್‌ಗೆ ಓದುಗರು ಮರುಳಾದದ್ದು ಕಂಡು ಕಂಗಾಲಾಗಿ, 1751ರ ಮೂರನೇ ಆವೃತ್ತಿಯ ಹೊತ್ತಿಗೆ ಅವನಿಗೆ ಇನ್ನಷ್ಟು ಮಸಿ ಬಳಿದ. ಆದರೂ ಮೋಹ ಬಿಡಲಿಲ್ಲ.

ಪಕ್ಕದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಅದೇ ಬೆದರಿಕೆಯ ದೃಶ್ಯ, ಐದೈದು ಜನರ ಎರಡು ಗುಂಪು. ಒಂದರಲ್ಲಿ ಅವನು ‘ನೀನು’ ಅನ್ನುತ್ತಾನೆ, ಇನ್ನೊಂದರಲ್ಲಿ ‘ನೀವು’. ‘ನೀವು ಬಾಗಿಲು ದಾಟಬೇಡಿ’ ಎಂಬ ಮರ್ಯಾದೆಗೇ ಹೆಚ್ಚು ಜನ ನಡುಗಿದರು, ಸೊನ್ನೆಗಳೂ ಅಲ್ಲೇ ಬಿದ್ದವು. ಹಾಗಾಗಿ ಇಡೀ ಪುಸ್ತಕದಲ್ಲಿ ‘ನೀನು’ ಒಂದೇ ಸಲ, ಅದೂ ಅವಳಿಗೆ ಗುಂಡು ತಗುಲಿದಾಗ.

ದುಡ್ಡು ಹೋದದ್ದು ಮುಖಪುಟದಲ್ಲಿ. ಗುಲಾಬಿ, ಮೆತ್ತನೆ ಬಣ್ಣ, ಪುಸ್ತಕದ ಪರಿಚಯದ ಸಾಲುಗಳೂ (ಬ್ಲರ್ಬ್) ಹಾಗೇ. ಜಾಹೀರಾತಿಗೆ ಇಟ್ಟಿದ್ದರ ಮುಕ್ಕಾಲು ಪಾಲು ಅದಕ್ಕೇ ಸುರಿದು, ನವಿರು ಪ್ರೇಮಕಥೆ ಹುಡುಕುವವರನ್ನು ಕರೆತಂದು, ಒಂದು ಸ್ಟಾರ್ ರಿವ್ಯೂಗಳನ್ನು ಕೊಂಡಂತಾಯಿತು. ಹೊಸ ಮುಖಪುಟಕ್ಕೆ ಎರಡನೇ ಖರ್ಚು. ಮೊದಲ ಪುಟದಲ್ಲೇ ಅಪಹರಣ, ಕೊಲೆ, ಬಲವಂತ ಎಂದು ನೇರವಾಗಿ ಟ್ರಿಗರ್ ವಾರ್ನಿಂಗ್, ಅಂದರೆ ಮನಸ್ಸು ಕಲಕುವ ವಿಷಯಗಳ ಮುನ್ನೆಚ್ಚರಿಕೆ, ಹಾಕಿದೆ. ಕುತೂಹಲ ಸಾಯುತ್ತದೆ ಎಂದು ಹೆದರಿಸಿದವರಿದ್ದರು. ಕೊಳ್ಳುವವರು ಸ್ವಲ್ಪ ಇಳಿದರು ನಿಜ, ಅರ್ಧಕ್ಕೆ ಬಿಡುವವರು ಅದಕ್ಕಿಂತ ಬಹಳ ಇಳಿದರು. ಓದುಗರು ಓದಿದ ಪುಟಗಳ ಲೆಕ್ಕದಲ್ಲಿ ಲೇಖಕರಿಗೆ ಹಣ ಕೊಡುವ ಇ-ಪುಸ್ತಕ ತಾಣಗಳಲ್ಲಿ ಲಾಭ ಇರುವುದು ಅದರಲ್ಲೇ.

ಕೊನೆಯಲ್ಲಿ ಕ್ಷಮೆಯ ಭಾಷಣ ಬರೆದಿದ್ದೆ, ಎರಡು ಪುಟ. ಕಿತ್ತು ಹಾಕಿದೆ. ಈಗ ಅವನು ಬೀಗದ ಕೈ ಅವಳ ಮುಂದಿಟ್ಟು ಆಚೆ ನಿಲ್ಲುತ್ತಾನೆ. ತಾನಾಗಿ ಬಾಗಿಲು ತೆರೆದು ಅವನನ್ನು ಒಳಗೆ ಕರೆಯುವವಳು ಅವಳೇ. 14ರಲ್ಲಿ 11 ಜನ ಆ ಪುಟಕ್ಕೆ ಎರಡೂ ಗುರುತು ಹಾಕಿದರು.