ಕಾಲೆಟ್ ಚಕ್ಕಿಗೆ ಬ್ಯಾಕ್ ಪ್ಲೇಟ್: ಮನೆಯ ಲೇತಿನಲ್ಲೇ ತಯಾರಿಸುವ ಕ್ರಮ

2ರಿಂದ 20 ಮಿಲಿಮೀಟರ್ ವ್ಯಾಸದ ಸರಳುಗಳನ್ನು ಹಿಡಿಯುವ ಇಆರ್32 ಅಳತೆಯ ಕಾಲೆಟ್ ಚಕ್ಕನ್ನು (ಸೀಳುಗಳಿರುವ ಕೊಳವೆಯಿಂದ ಸರಳನ್ನು ಸುತ್ತಲೂ ಬಿಗಿಹಿಡಿಯುವ ಸಾಧನ) ಸಣ್ಣ ಲೇತಿಗೆ ಕೂರಿಸುವ ಬ್ಯಾಕ್ ಪ್ಲೇಟಿಗೆ, ಎಂದರೆ ಚಕ್ಕಿಗೂ ಲೇತಿಗೂ ನಡುವಿನ ತಟ್ಟೆಗೆ, ಬೀಡುಕಬ್ಬಿಣವೇ ಉತ್ತಮ. ಅದನ್ನು ಟರ್ನಿಂಗ್ ಮಾಡುವುದು (ತಿರುಗಿಸುತ್ತಾ ಕತ್ತರಿಸುವುದು) ಸುಲಭ, ಕಂಪನವನ್ನೂ ಅದು ತಗ್ಗಿಸುತ್ತದೆ. ಕತ್ತರಿಸುವಾಗ ಎಣ್ಣೆ ಬೇಕಿಲ್ಲ, ಆದರೆ ಅದರ ಕರಿಪುಡಿ ಲೇತಿನ ಬೆಡ್ಡನ್ನು (ಉಪಕರಣ ಜಾರುವ ಹಳಿ) ಸವೆಸುವುದರಿಂದ ಬೆಡ್ಡಿಗೆ ಕಾಗದ ಹೊದಿಸಿರಬೇಕು.

ಮೊದಲು ಸ್ಪಿಂಡಲಿಗೆ (ಲೇತಿನ ತಿರುಗುವ ದಂಡ) ಕೂರುವ ಹಿಂಬದಿಯನ್ನು ಮುಗಿಸಿ, ಪ್ಲೇಟನ್ನು ಅದೇ ಸ್ಪಿಂಡಲಿಗೆ ಬಿಗಿದು, ಮುಂದೆಯೂ ಅದೇ ಸ್ಥಾನದಲ್ಲಿ ಕೂರಿಸಲು ಎರಡರ ಮೇಲೂ ಪಂಚ್ ಗುರುತು ಹಾಕಿದ ನಂತರವೇ ಮುಂಬದಿಯ ಫೇಸಿಂಗನ್ನೂ (ಮುಖವನ್ನು ಸಮತಟ್ಟಾಗಿಸುವುದು), ಚಕ್ಕಿನ ಹಿಂದಿನ ತಗ್ಗಿನೊಳಗೆ ಕೂರುವ ಸ್ಟೆಪ್ಪನ್ನೂ (ಮೆಟ್ಟಿಲಿನಂಥ ದುಂಡು ಉಬ್ಬು) ಮಾಡಬೇಕು. ಈ ಕ್ರಮ ತಪ್ಪಿಸಲೇಬಾರದು: ತನ್ನ ಸ್ಪಿಂಡಲಿನ ಮೇಲೆಯೇ ತಿರುಗಿ ರೂಪುಗೊಂಡ ಸ್ಟೆಪ್ ಆ ಸ್ಪಿಂಡಲಿನ ಅಕ್ಷಕ್ಕೆ ಸರಿಹೊಂದಿಯೇ ಇರುತ್ತದೆ.

ಸ್ಟೆಪ್ಪಿನ ಕೊನೆಯ ಕಟ್‌ಗಳನ್ನು 0.02 ಮಿಲಿಮೀಟರಿನಷ್ಟೇ ತೆಗೆದು, ಪ್ರತಿ ಸಲವೂ ಚಕ್ಕನ್ನು ಹಿಡಿದು ನೋಡಿ. ಅಂಗೈಯಿಂದ ಒತ್ತಿದಾಗ ಅಲುಗಾಡದೆ, ಒಳಗಿನ ಗಾಳಿ ಮೆಲ್ಲನೆ ಹೊರಬರುತ್ತಾ ಕುಳಿತರೆ ಅಳತೆ ಸರಿಯಾಗಿದೆ. ಸ್ಟೆಪ್ಪಿನ ಬುಡದಲ್ಲಿ ಸಣ್ಣ ತೋಡು ತೆಗೆಯದಿದ್ದರೆ ಚಕ್ಕು ಮೂಲೆಗೆ ತಗುಲಿ ಮುಖಕ್ಕೆ ಮುಖ ಕೂರುವುದಿಲ್ಲ.

ಬೋಲ್ಟು ಬಿಗಿದ ಮೇಲೆ, ಡಯಲ್ ಗೇಜಿನ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಮೊನೆಯನ್ನು ಚಕ್ಕಿನ ಒಳಗಿನ ಟೇಪರಿಗೆ (ಓರೆಯಾದ ಒಳಮೈ) ತಾಗಿಸಿ, ಸ್ಪಿಂಡಲನ್ನು ಕೈಯಿಂದಲೇ ತಿರುಗಿಸಿ ಓಟವನ್ನು, ಎಂದರೆ ತಿರುಗುವಾಗ ಅದು ಅಕ್ಷದಿಂದ ಎಷ್ಟು ಆಚೀಚೆ ಸರಿಯುತ್ತದೆ ಎಂಬುದನ್ನು, ಪರೀಕ್ಷಿಸಬೇಕು.