ಸರ್ವರ್ ನಿಧಾನವಾದಾಗ ಪ್ಯಾಚ್ ಹಾಕುವ ಮುಂಚೆ

ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ, ಸೊಸೈಟಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಗೆಳೆಯರೇ, ಕೊಯ್ಲಿನ ಸಮಯದಲ್ಲಿ ಬಿಲ್ಲಿಂಗ್ ನಿಧಾನವಾದರೆ ಗಾಬರಿಯಲ್ಲಿ ಪ್ಯಾಚ್, ಅಂದರೆ ಸಾಫ್ಟ್‌ವೇರ್ ತಯಾರಕರು ಕಳಿಸುವ ತಿದ್ದುಪಡಿ, ಹಾಕಬೇಡಿ. ಮೊದಲು ತೊಂದರೆ ಎಲ್ಲಿದೆ ನೋಡಿ. ಸರ್ವರ್‌ನಲ್ಲಿರುವುದು ಲಿನಕ್ಸ್ ಆದರೆ, ಸರ್ವರ್ ಏನು ಮಾಡುತ್ತಿದೆ ಎಂದು ತೋರಿಸುವ ಟಾಪ್ (top) ಕಮಾಂಡ್ ಕೊಡಿ. ಅದರಲ್ಲಿ 'ಡಬ್ಲ್ಯುಎ' (wa) ಅಂಕಿ ಜಾಸ್ತಿ ಇದ್ದರೆ ಪ್ರೊಸೆಸರ್ ಡಿಸ್ಕಿಗಾಗಿ ಕಾಯುತ್ತಿದೆ ಎಂದರ್ಥ. ಡಿಸ್ಕೇ ಸೋತಿದ್ದರೆ ಪ್ಯಾಚ್ ಏನು ಮಾಡೀತು, ಅಲ್ವಾ?

ಪ್ಯಾಚ್‌ನಲ್ಲಿ ಏನೇನು ಬದಲಾಗಿದೆ ಎಂದು ಹೇಳುವ ರಿಲೀಸ್ ನೋಟ್ಸ್ ಪೂರ್ತಿ ಓದಿ. ಎಲ್ಲ ಪ್ಯಾಚೂ ವೇಗ ಹೆಚ್ಚಿಸುವುದಿಲ್ಲ. 2018ರಲ್ಲಿ ಬಂದ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷದ ಭದ್ರತಾ ಪ್ಯಾಚ್ ಎಷ್ಟೋ ಸರ್ವರ್‌ಗಳನ್ನು ಸ್ವಲ್ಪ ನಿಧಾನ ಮಾಡಿತು. ಆದರೂ ಹಾಕಲೇಬೇಕಿತ್ತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಆವೃತ್ತಿ 16.3ರಿಂದ 16.4ರಂಥ ಸಣ್ಣ ಅಪ್‌ಡೇಟ್‌ಗೆ ಸಾಮಾನ್ಯವಾಗಿ ಡೇಟಾ ಹೊರತೆಗೆದು ಮತ್ತೆ ತುಂಬಬೇಕಿಲ್ಲ. 15ರಿಂದ 16ಕ್ಕೆ ಹೋಗುವುದು ಬೇರೆಯೇ ಕೆಲಸ, ಅದನ್ನು ಸೀಸನ್ ಮುಗಿದ ಮೇಲೆ ಇಟ್ಟುಕೊಳ್ಳಿ.

ಬ್ಯಾಕಪ್ ಸುಮ್ನೆ ತೆಗೆದಿಟ್ಟರೆ ಸಾಲದು. ಬೇರೆ ಕಂಪ್ಯೂಟರಿನಲ್ಲಿ ರೀಸ್ಟೋರ್ ಮಾಡಿ, ಪ್ಯಾಚನ್ನೂ ಮೊದಲು ಅಲ್ಲೇ ಹಾಕಿ ನೋಡಿ. ನಮ್ಮ ಮಲೆನಾಡಿನ ಕರೆಂಟ್ ಗೊತ್ತಲ್ಲ, ಯುಪಿಎಸ್ ಪೂರ್ತಿ ಚಾರ್ಜ್ ಆಗಿರಲಿ. ಪ್ಯಾಚ್‌ಗೆ ಮೊದಲು ಒಂದು ರಿಪೋರ್ಟ್ ತೆರೆಯಲು ಎಷ್ಟು ಸೆಕೆಂಡ್ ಬೇಕು ಎಂದು ಬರೆದಿಡಿ. ಆಮೇಲೆ ಅದೇ ರಿಪೋರ್ಟ್, ಅದೇ ಜನದಟ್ಟಣೆಯ ಹೊತ್ತಿನಲ್ಲಿ ಮತ್ತೆ ತೆರೆದು ಹೋಲಿಸಿ.